ಹೂಳಿಗಿಂತ ಮೊದಲು ರಾಜಕಾಲುವೆ

ಬಯಲುಸೀಮೆಯ ಗ್ರಾಮ ಪಂಚಾಯಿತಿಗಳ ವಾರ್ಷಿಕ ಯೋಜನೆಯಲ್ಲಿ ನೈಸರ್ಗಿಕ ಸಂಪನ್ಮೂಲ ಸಂರಕ್ಷಣೆ ಎಂಬ ಶೀರ್ಷಿಕೆಯಡಿ ಮೊದಲು ಬರುವ ಕಾಮಗಾರಿ ಸಾಮಾನ್ಯವಾಗಿ ಕೆರೆಯ ಹೂಳೆತ್ತುವುದು. ಕೆಲಸ ಕಣ್ಣಿಗೆ ಕಾಣುತ್ತದೆ, ಗೋಡು ಮಣ್ಣು ಹೊಲಗಳಿಗೆ ಸೇರುತ್ತದೆ, ಯಾರ ತಕರಾರೂ ಇರುವುದಿಲ್ಲ. ಆದರೆ ನೀರು ತರುವ ರಾಜಕಾಲುವೆಯೇ ಮುಚ್ಚಿಹೋಗಿದ್ದರೆ ಎಷ್ಟು ಹೂಳೆತ್ತಿದರೂ ಕೆರೆ ತುಂಬದು. ಆದ್ದರಿಂದ ಮೊದಲ ಹಣವೂ ಮೊದಲ ಶ್ರಮವೂ ಜಲಾನಯನದ, ಅಂದರೆ ಕೆರೆಗೆ ಮಳೆನೀರು ಹರಿದುಬರುವ ಪ್ರದೇಶದ, ಮೇಲ್ಭಾಗಕ್ಕೆ ಸಲ್ಲಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಸುಮಾರು 500 ಹೆಕ್ಟೇರಿನ ಕಿರು ಜಲಾನಯನದ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ 50 ಲಕ್ಷ ಲೀಟರ್ ನೀರು. ವರ್ಷಕ್ಕೆ 600 ಮಿಲಿಮೀಟರ್ ಮಳೆಯಾಗಿ, ಅದರ ಹತ್ತರಲ್ಲಿ ಒಂದು ಪಾಲು ಹರಿದುಬಂದರೂ 30 ಕೋಟಿ ಲೀಟರ್ ಆಗುತ್ತದೆ. ಇಷ್ಟು ನೀರು ಬರುವ ದಾರಿ ತೆರೆದಿದೆಯೇ ಎಂದು ತಿಳಿಯಲು ಗ್ರಾಮ ನಕಾಶೆ ಹಿಡಿದು, ಕೆರೆಯ ನೀರು ಹಂಚುವ ನೀರುಗಂಟಿಯನ್ನೂ ಕುರಿಗಾಹಿಗಳನ್ನೂ ಜೊತೆಗೆ ಕರೆದುಕೊಂಡು, ಏರಿಯಿಂದ ಮೇಲ್ಮುಖವಾಗಿ ನಡೆಯಬೇಕು. ಹಿಡುವಳಿ ಜಮೀನುಗಳ ನಡುವೆ ಹಾದುಹೋಗುವ ಹಳ್ಳ, ಕಾಲುವೆಗಳು ದಾಖಲೆಯಲ್ಲಿ ಬಿ ಖರಾಬು, ಅಂದರೆ ಸಾರ್ವಜನಿಕ ನೆಲ. ನೇಗಿಲು ಪ್ರತಿ ವರ್ಷ ಒಂದೊಂದು ಸಾಲು ಒಳಕ್ಕೆ ಸರಿದಂತೆ ನಕಾಶೆಯ ಅಗಲವಾದ ಕಾಲುವೆ ನೆಲದ ಮೇಲೆ ಚರಂಡಿಯಷ್ಟಾಗಿರುತ್ತದೆ. ಹೊಲದ ದಾರಿಗೆಂದು ಹೂತ ಸಣ್ಣ ಸಿಮೆಂಟ್ ಪೈಪಿಗೆ ಕಸಕಡ್ಡಿ ಸಿಕ್ಕಿಕೊಂಡು, ಮೊದಲ ದೊಡ್ಡ ಮಳೆಗೇ ಹಳ್ಳ ಪಕ್ಕದ ರಾಗಿ ಹೊಲಕ್ಕೆ ನುಗ್ಗುವುದೂ ಉಂಟು. ಇಂಥ ಪ್ರತಿಯೊಂದು ಜಾಗವನ್ನೂ ಸರ್ವೆ ನಂಬರಿನೊಂದಿಗೆ ಬರೆದು ಗ್ರಾಮಸಭೆಯ ಮುಂದಿಟ್ಟು, ಅಳತೆಗೆ ಭೂಮಾಪಕರನ್ನು ಕರೆಸಬೇಕು. ಮನಸ್ತಾಪ ಹುಟ್ಟುವುದು ಇಲ್ಲಿಯೇ. ಹೂಳೆತ್ತುವ ಕೆಲಸ ಸುಲಭವೆನಿಸುವುದಕ್ಕೆ ಇದೇ ಕಾರಣ.

ಜಲಾನಯನವು ಪಂಚಾಯಿತಿಯ ಗಡಿಯನ್ನು ದಾಟುವುದರಿಂದ ಮೇಲಿನ ಪಂಚಾಯಿತಿಯೊಂದಿಗೆ ಜಂಟಿ ನಿರ್ಣಯ ಅಗತ್ಯ.

ಗೋಮಾಳದ ವಿಷಯವನ್ನು ಪಶುಪಾಲನೆಯ ಕಡತಕ್ಕೆ ಮಾತ್ರ ಸೇರಿಸುವುದು ಸರಿಯಲ್ಲ. ರಾಜ್ಯದ ಭೂ ಕಂದಾಯ ನಿಯಮಗಳು 100 ರಾಸುಗಳಿಗೆ 12 ಹೆಕ್ಟೇರ್ ಮೇವಿನ ಭೂಮಿಯನ್ನು ಕಾಯ್ದಿರಿಸಲು ಹೇಳುತ್ತವೆ. ಹುಲ್ಲಿನ ಹೊದಿಕೆ ಕಳೆದುಕೊಂಡ ಗೋಮಾಳದ ಮಣ್ಣೇ ಕೆರೆಯ ಹೂಳಾಗುತ್ತದೆ. 2002ರ ಜೀವವೈವಿಧ್ಯ ಕಾಯ್ದೆಯಂತೆ ರಚನೆಯಾಗುವ ಪಂಚಾಯಿತಿಯ ಸಮಿತಿಗೆ ಈ ನೆಲದ ಹುಲ್ಲು, ಮರಗಳನ್ನು ದಾಖಲಿಸುವ ಹೊಣೆ ಒಪ್ಪಿಸಬಹುದು.

ಇವೆಲ್ಲ ಆದ ಮೇಲೆ ಹೂಳೆತ್ತುವುದಾದರೂ ಎಚ್ಚರ ಬೇಕು. ತೂಬಿನ ಮಟ್ಟಕ್ಕಿಂತ ಕೆಳಗೆ ತೋಡಿದ ಗುಂಡಿಯ ನೀರು ಅಚ್ಚುಕಟ್ಟಿಗೆ ತಾನಾಗಿ ಹರಿಯದು. ಕೆರೆಯಂಗಳದ ಇಳಿಜಾರು ತೂಬಿನ ಕಡೆಗೇ ಇರುವಂತೆ ಎಷ್ಟು ಆಳ, ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಅಂದಾಜು ಪಟ್ಟಿಯಲ್ಲೇ ಬರೆದಿಡಬೇಕು.