ಮೂತಿ ಮೊದಲೋ, ಬಾಲ ಮೊದಲೋ: ಒಂದು ಈಟಿಯ ಎಪ್ಪತ್ತು ವರ್ಷ

ಸಂಡೂರು ತಾಲ್ಲೂಕಿನ ಹೋಬಳಿ ಮಟ್ಟದ ಕ್ರೀಡಾಕೂಟವೊಂದರಲ್ಲಿ ನನಗೆ ವಹಿಸಿದ್ದ ಕೆಲಸ ಗೂಟ ಊರುವುದು. ಈಟಿ ಬಿದ್ದ ಕಡೆ ಓಡಬೇಕು, ಗುರುತಿಗೆ ಗೂಟ ನೆಡಬೇಕು, ಆಮೇಲೆ ಪಿ.ಇ. ಮೇಷ್ಟ್ರು ಟೇಪ್ ಎಳೆದುಕೊಂಡು ಬರುತ್ತಿದ್ದರು. ಈಟಿ ಅಂದರೆ ಬಿದಿರಿನ ಕೋಲು, ತುದಿಗೆ ಕಬ್ಬಿಣದ ಮೂತಿ, ನಡುವೆ ಹಿಡಿಯಲು ಸುತ್ತಿದ ದಾರ. ಮೈದಾನವೋ ಗರಸು ಬೆರೆತ ಕೆಂಪು ನೆಲ. ಅದರಲ್ಲಿ ಈಟಿ ನಾಟುವ ಮಾತೇ ಇರಲಿಲ್ಲ. ಬಿದ್ದು, ಪುಟಿದು, ಧೂಳೆಬ್ಬಿಸಿಕೊಂಡು ಇನ್ನೊಂದಿಷ್ಟು ದೂರ ಜಾರಿ ಮಲಗುತ್ತಿತ್ತು. ಪ್ರತಿ ಎಸೆತಕ್ಕೂ ಅದೇ ಜಗಳ.

"ಮೂತಿ ಮೊದ್ಲು ಬಿತ್ತೇನಲೇ, ಬಾಲ ಮೊದ್ಲು ಬಿತ್ತೇನಲೇ?" ಎಂದು ಮೇಷ್ಟ್ರು ಗೆರೆಯ ಹತ್ತಿರದಿಂದಲೇ ಕೂಗುವರು. ಎಸೆದವನು ನಮ್ಮ ಶಾಲೆಯವನಾದರೆ "ಮೂತಿ ಸಾರ್". ಬೇರೆ ಶಾಲೆಯವನಾದರೆ "ಬಾಲ ಸಾರ್". ಆ ಧೂಳಿನಲ್ಲಿ ನನಗೆ ನಿಜಕ್ಕೂ ಏನೂ ಕಾಣುತ್ತಿರಲಿಲ್ಲ.

ಇದು ನಮ್ಮ ಬಡ ಮೈದಾನದ ತಾಪತ್ರಯ ಎಂದೇ ಬಹಳ ವರ್ಷ ಅಂದುಕೊಂಡಿದ್ದೆ. ಆದರೆ ಇದೇ ಜಗಳ ದೊಡ್ಡ ದೊಡ್ಡ ಅಂತರರಾಷ್ಟ್ರೀಯ ಕೂಟಗಳಲ್ಲೂ ನಡೆದು, ಕೊನೆಗೆ ಜಾವೆಲಿನ್‌ನ ಆಕಾರವನ್ನೇ ಬದಲಿಸಿತು. ಇನ್ನೊಂದು ಸೋಜಿಗ. ಆ ಕಥೆಯ ಒಂದು ಎಳೆ ಇದೇ ತಾಲ್ಲೂಕಿನ ತೋರಣಗಲ್ಲಿಗೂ ಬಂದಿದೆ. ಉಕ್ಕಿನ ಕಾರ್ಖಾನೆಯ ಪಕ್ಕದ ವಿಜಯನಗರ ಟೌನ್‌ಶಿಪ್‌ನಲ್ಲಿ 2018ರಲ್ಲಿ ಶುರುವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ, ಮೊಣಕೈ ಆಪರೇಷನ್ ಮಾಡಿಸಿಕೊಂಡ ನೀರಜ್ ಚೋಪ್ರಾ 2019ರಲ್ಲಿ ಚೇತರಿಕೆಯ ತರಬೇತಿ ಪಡೆದರು. (ವಿಜಯನಗರ ಎಂದಾಕ್ಷಣ ಹೊಸಪೇಟೆ ಬಸ್ ಹತ್ತಬೇಡಿ. ಜಿಲ್ಲೆ ಬೇರೆ, ಟೌನ್‌ಶಿಪ್ ಬೇರೆ. ಟೌನ್‌ಶಿಪ್ ಈಗಲೂ ಬಳ್ಳಾರಿ ಜಿಲ್ಲೆಯಲ್ಲೇ ಇದೆ.)

ಈಟಿ ಎಸೆಯುವುದು ತೋಳಿನ ಕೆಲಸ ಅಂತ ನಾವು ತಿಳಿದಿದ್ದೇವೆ. ಎಷ್ಟು ದೂರ ಹೋಗಬೇಕು ಎಂಬುದನ್ನು ಮಾತ್ರ ತೋಳೊಂದೇ ತೀರ್ಮಾನಿಸಿಲ್ಲ. ಎಂಜಿನಿಯರ್ ನಾಲ್ಕು ಮೀಟರ್ ಕೊಟ್ಟರೆ ನಿಯಮ ಪುಸ್ತಕ ಎಂಟು ಮೀಟರ್ ಕಿತ್ತುಕೊಂಡಿದೆ. ಈ ಹಗ್ಗಜಗ್ಗಾಟದ ದಂಡ ತೆತ್ತಿರುವುದು ಮೊಣಕೈ.

ಶುರುವಾದದ್ದು ಅಮೆರಿಕದ ಇಬ್ಬರು ಸೋದರರಿಂದ ಎನ್ನಬಹುದು. ಬಡ್ ಹೆಲ್ಡ್ ಎಸೆಯುವವರು, ಡಿಕ್ ಹೆಲ್ಡ್ ತಯಾರಿಸುವವರು. ಪುರುಷರ ಈಟಿ 800 ಗ್ರಾಂ ಇರಬೇಕು ಎಂದು ನಿಯಮವಿತ್ತು. ಮೈ ಎಷ್ಟು ದಪ್ಪ ಇರಬೇಕು ಎಂಬ ಬಗ್ಗೆ ಅಷ್ಟು ಬಿಗಿ ಇರಲಿಲ್ಲ. ಒಳಗೆ ಟೊಳ್ಳು ಮಾಡಿ, ತೂಕ ಏರದಂತೆ ಮೈ ದಪ್ಪ ಮಾಡಿದರೆ ಗಾಳಿಗೆ ಸಿಗುವ ಮೇಲ್ಮೈ ಹೆಚ್ಚುತ್ತದೆ, ಈಟಿ ತೇಲುತ್ತದೆ. ಗಾಳಿ ಬಂದಾಗ ತೂರಿಕೋ ಅನ್ನುವ ಗಾದೆಯನ್ನು ಅಕ್ಷರಶಃ ಪಾಲಿಸಿದವರು ಇವರು. 1953ರಲ್ಲಿ ಬಡ್ ಹೆಲ್ಡ್ 80 ಮೀಟರ್ ದಾಟಿದ ಮೊದಲಿಗರಾದರು. ಅಂತರರಾಷ್ಟ್ರೀಯ ಅಥ್ಲೆಟಿಕ್ಸ್ ಒಕ್ಕೂಟ ಕೂಡಲೇ ಅಳತೆ ಪಟ್ಟಿ ಹಿಡಿದು ಕೂತಿತು.

1956ರಲ್ಲಿ ಇನ್ನೊಂದು ಪ್ರಸಂಗ. ಸ್ಪೇನಿನ ಬಾಸ್ಕ್ ಸೀಮೆಯಲ್ಲಿ ಕಬ್ಬಿಣದ ಸಲಾಕೆಯನ್ನು ಗಿರಗಿರ ತಿರುಗಿ ಎಸೆಯುವ ಹಳ್ಳಿಯ ಆಟವಿದೆ. ಫೆಲಿಕ್ಸ್ ಎರಾಸ್ಕಿನ್ ಎಂಬ ಎಸೆತಗಾರ ಅದನ್ನೇ ಈಟಿಗೆ ತಂದ. ಕೈಯಿಂದ ನುಣ್ಣಗೆ ಜಾರಲೆಂದು ಸಾಬೂನು ಬೇರೆ ಹಚ್ಚಿದ. ಈಟಿ ದೂರವೇನೋ ಹೋಯಿತು, ಆದರೆ ಯಾರ ಮೇಲೆ ಹೋಗಿ ಬೀಳುತ್ತದೋ ಹೇಳುವಂತಿರಲಿಲ್ಲ. ಎಸೆಯುವ ತನಕ ಎಸೆತದ ದಿಕ್ಕಿಗೆ ಪೂರ್ತಿ ಬೆನ್ನು ತಿರುಗಿಸುವಂತಿಲ್ಲ ಎಂಬ ನಿಯಮ ಬಂತು. ಇವತ್ತಿಗೂ ಅದು ಪುಸ್ತಕದಲ್ಲಿದೆ.

ದೊಡ್ಡ ಪೆಟ್ಟು ಬಿದ್ದದ್ದು 1984ರಲ್ಲಿ. ಜುಲೈ 20ರಂದು ಪೂರ್ವ ಬರ್ಲಿನ್‌ನಲ್ಲಿ ಪೂರ್ವ ಜರ್ಮನಿಯ ಉವೆ ಹೋನ್ 104.80 ಮೀಟರ್ ಎಸೆದರು. ನೂರರ ಗಡಿ ದಾಟಿದ ಮೊದಲ ಮನುಷ್ಯ. ಆ ವರ್ಷದ ಒಲಿಂಪಿಕ್ಸನ್ನು ಅವರ ದೇಶ ಬಹಿಷ್ಕರಿಸಿದ್ದರಿಂದ ಅವರಿಗೆ ಪದಕ ಮಾತ್ರ ದಕ್ಕಲಿಲ್ಲ. ಕ್ರೀಡಾಂಗಣದ ನಡುವಿನ ಹುಲ್ಲಿನ ಮೈದಾನ ಎಷ್ಟು ಉದ್ದ ಇರುತ್ತದೆ ಅಂದುಕೊಂಡಿರಿ? ಇನ್ನೈದು ಮೀಟರ್ ಹೆಚ್ಚಿದ್ದರೆ ಆಚೆ ಬದಿಯ ಟ್ರ್ಯಾಕ್‌ನಲ್ಲಿ ಓಡುವವರ ಗತಿ ಏನು ಎಂದು ಎಲ್ಲರೂ ಹೌಹಾರಿದರು. ಈಟಿಯ ವಿನ್ಯಾಸ ಬದಲಾಗಿದ್ದು ಇದೊಂದೇ ಎಸೆತದಿಂದ ಎಂದು ಹಲವರು ಬರೆಯುತ್ತಾರೆ. ಅದು ಅರ್ಧ ಸತ್ಯ. ಅದಕ್ಕೂ ಮೊದಲೇ ಅಧಿಕಾರಿಗಳ ತಲೆ ತಿನ್ನುತ್ತಿದ್ದದ್ದು ನನ್ನ ಗೂಟದ ಸಮಸ್ಯೆ. ತೇಲುವ ಈಟಿಗಳು ಮಲಗಿದ ಭಂಗಿಯಲ್ಲೇ ಇಳಿಯುತ್ತಿದ್ದವು. ಮೂತಿ ಮೊದಲು ತಾಗಿದರಷ್ಟೇ ಎಸೆತಕ್ಕೆ ಲೆಕ್ಕ. ತಾಗಿತೋ ಇಲ್ಲವೋ ಎಂಬುದು ಕೆಂಪು ಬಾವುಟ ಹಿಡಿದವನ ಕಣ್ಣಿಗೆ ಬಿಟ್ಟದ್ದು.

ಪರಿಹಾರ ಬಹಳ ಸರಳ ಇತ್ತು, ಅಷ್ಟೇ ಜಾಣತನದ್ದೂ ಆಗಿತ್ತು. 1986ರ ಏಪ್ರಿಲ್ 1ರಿಂದ ಪುರುಷರ ಈಟಿಯ ಗುರುತ್ವ ಕೇಂದ್ರವನ್ನು 4 ಸೆಂಟಿಮೀಟರ್ ಮುಂದೆ, ಮೂತಿಯ ಕಡೆಗೆ ಸರಿಸಿದರು. ಅಷ್ಟೇ. ಪೊರಕೆಯ ಕಡ್ಡಿಯೊಂದನ್ನು ತೋರುಬೆರಳ ಮೇಲೆ ತೂಗಿ ನೋಡಿ. ಅದು ಸಮನಾಗಿ ನಿಲ್ಲುವ ಜಾಗವೇ ಗುರುತ್ವ ಕೇಂದ್ರ. ಹಾರುವ ಈಟಿಗೆ ಇಂಥದ್ದೇ ಇನ್ನೊಂದು ಜಾಗ ಇರುತ್ತದೆ, ಗಾಳಿಯ ಒತ್ತಡವೆಲ್ಲ ಒಟ್ಟುಗೂಡಿ ಎತ್ತುವ ಜಾಗ. ಹಳೆಯ ಈಟಿಯಲ್ಲಿ ಇವೆರಡೂ ಹತ್ತಿರ ಹತ್ತಿರ ಇದ್ದವು, ಹಾಗಾಗಿ ಈಟಿ ಹದ್ದಿನ ಹಾಗೆ ತೇಲುತ್ತಿತ್ತು. ತೂಕ ಮುಂದಕ್ಕೆ ಹೋದಮೇಲೆ ಗಾಳಿ ಹಿಂಬದಿಯನ್ನೇ ಎತ್ತತೊಡಗಿತು. ಬಾಲ ಮೇಲೇಳುತ್ತದೆ, ಮೂತಿ ತಗ್ಗುತ್ತದೆ, ಈಟಿ ಬೇಗ ಇಳಿದು ನೆಲಕ್ಕೆ ಚುಚ್ಚುತ್ತದೆ. ಜಗಳವೇ ಇಲ್ಲ. ದೂರ ಸುಮಾರು ಶೇ 10ರಷ್ಟು ಕುಸಿಯಿತು. ಹೊಸ ಈಟಿಯ ದಾಖಲೆ ಪಟ್ಟಿ 85.74 ಮೀಟರಿನಿಂದ ಶುರುವಾಯಿತು. ಹೋನ್ ಅವರ ದಾಖಲೆಯನ್ನು ಯಾರೂ ಮುರಿಯಲಿಲ್ಲ, ಇನ್ನು ಯಾರೂ ಮುರಿಯಲಾರರು. ಆ ಈಟಿಯೇ ಸ್ಪರ್ಧೆಯಲ್ಲಿ ಇಲ್ಲವಲ್ಲ. ಮಹಿಳೆಯರ ಈಟಿಗೆ ಇದೇ ಬದಲಾವಣೆ 1999ರಲ್ಲಿ ಬಂತು.

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕ್ಯಾಂಪಸ್‌ನಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪ್ರಾಧ್ಯಾಪಕರಾಗಿದ್ದ ಮಾಂಟ್ ಹಬ್ಬರ್ಡ್ ಹಳೆಯ ಮತ್ತು ಹೊಸ ಈಟಿಗಳ ಹಾರಾಟವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿದರು. ಹಳೆಯದು ನಾಜೂಕಿನ ಈಟಿ. ಬಿಡುವ ಕೋನ ಕೊಂಚ ತಪ್ಪಿದರೂ ದೂರ ಕೈಕೊಡುತ್ತಿತ್ತು. ಹೊಸದು ಅಷ್ಟು ಮುನಿಸಿಕೊಳ್ಳುವುದಿಲ್ಲ, ಅದಕ್ಕೆ ಬೇಕಾದ್ದು ವೇಗ. ಅಂದರೆ ಕೈಚಳಕಕ್ಕಿಂತ ಕಸುವಿಗೆ ಬೆಲೆ ಬಂತು.

ಎಂಜಿನಿಯರ್‌ಗಳು ಸುಮ್ಮನಿರುತ್ತಾರೆಯೇ? 1976ರ ಒಲಿಂಪಿಕ್ ಚಾಂಪಿಯನ್, ಹಂಗೆರಿಯ ಮಿಕ್ಲೋಶ್ ನೇಮೆತ್ ಆಟ ಬಿಟ್ಟು ಈಟಿ ತಯಾರಿಕೆಗೆ ಇಳಿದಿದ್ದರು. ಬಾಲದ ಮೈಯನ್ನು ಒರಟು ಮಾಡಿದರೆ ಅಲ್ಲಿ ಗಾಳಿಯ ಎತ್ತುವ ಬಲ ತಗ್ಗುತ್ತದೆ, ಮೂತಿ ತಡವಾಗಿ ಬಾಗುತ್ತದೆ. ಕಿತ್ತುಕೊಂಡ ಮೀಟರ್‌ಗಳು ಒಂದೊಂದೇ ವಾಪಸ್ ಬಂದವು. 1991ರಲ್ಲಿ ಫಿನ್‌ಲ್ಯಾಂಡಿನ ಸೆಪ್ಪೊ ರಾಟಿ 96.96 ಮೀಟರ್ ಎಸೆದರು. ಅದೇ ವರ್ಷ ಒಕ್ಕೂಟ ಒರಟು ಬಾಲವನ್ನು ನಿಷೇಧಿಸಿತು. ನಿಷೇಧಿಸಿದ್ದಷ್ಟೇ ಅಲ್ಲ, ಅಂಥ ಈಟಿಯಲ್ಲಿ ಆಗಲೇ ಬರೆದಿದ್ದ ದಾಖಲೆಗಳನ್ನೂ ಅಳಿಸಿಹಾಕಿತು. ವಿಶ್ವದಾಖಲೆ ಹಿಂದಕ್ಕೆ ಸರಿದು ಬ್ರಿಟನ್ನಿನ ಸ್ಟೀವ್ ಬ್ಯಾಕ್ಲಿ ಅವರ 89.58 ಮೀಟರ್‌ಗೆ ಬಂದು ನಿಂತಿತು.

ವಕೀಲರಿಗೆ ಕಿವಿ ನೆಟ್ಟಗಾಗುವ ಜಾಗ ಇದು. ಮಾಡಿದಾಗ ಅಪರಾಧವಲ್ಲದ ಕೆಲಸಕ್ಕೆ ಆಮೇಲೆ ಕಾನೂನು ಮಾಡಿ ಶಿಕ್ಷಿಸುವಂತಿಲ್ಲ ಎನ್ನುತ್ತದೆ ನಮ್ಮ ಸಂವಿಧಾನದ 20(1)ನೇ ವಿಧಿ. ದಾಖಲೆ ಅಳಿಸುವುದು ಜೈಲು ಶಿಕ್ಷೆಯಲ್ಲ, ಒಕ್ಕೂಟ ಸರ್ಕಾರವೂ ಅಲ್ಲ, ಹಾಗಾಗಿ ಹೋಲಿಕೆ ಕಟ್ಟುನಿಟ್ಟಾಗಿ ನಿಲ್ಲುವುದಿಲ್ಲ. ಆದರೂ ರಾಟಿ ಮಾಡಿದ ತಪ್ಪೇನು ಎಂಬ ಪ್ರಶ್ನೆಗೆ ನನಗೆ ಇವತ್ತಿಗೂ ಸಮಾಧಾನದ ಉತ್ತರ ಸಿಕ್ಕಿಲ್ಲ. ಇಂಥ ತಕರಾರು ಕೇಳಲೆಂದೇ ಇರುವ ಕ್ರೀಡಾ ಪಂಚಾಯ್ತಿ ನ್ಯಾಯಾಲಯ ಸ್ವಿಟ್ಜರ್ಲೆಂಡಿನ ಲೊಸಾನ್‌ನಲ್ಲಿ ಕೆಲಸ ಶುರುಮಾಡಿದ್ದು 1984ರ ಜೂನ್ 30ರಂದು, ಹೋನ್ ಎಸೆತಕ್ಕೆ ಮೂರು ವಾರ ಮೊದಲು. ನಮ್ಮ ದೇಶದಲ್ಲಿ ಉದ್ದೀಪನ ಮದ್ದು ತಡೆಗೆ ಕಾಯ್ದೆ ಬಂದದ್ದು 2022ರಲ್ಲಿ. ಕ್ರೀಡಾ ನ್ಯಾಯಮಂಡಳಿಗೆ ಜಾಗ ಕೊಟ್ಟ ಕಾಯ್ದೆ 2025ರದ್ದು.

ಸಂಶೋಧನೆ ಎಂದರೆ ಎಲ್ಲವೂ ಬೆಳಕಲ್ಲ ಎಂಬುದನ್ನೂ ಹೇಳಿಬಿಡಬೇಕು. ಪೂರ್ವ ಜರ್ಮನಿ ಆಟಗಾರರಿಗೆ ಉದ್ದೀಪನ ಮದ್ದು ಕೊಡುವುದನ್ನೇ ಸರ್ಕಾರಿ ಸಂಶೋಧನಾ ಯೋಜನೆ ಮಾಡಿಕೊಂಡಿತ್ತು. ಯಾರಿಗೆ ಎಷ್ಟು ಕೊಟ್ಟರೆ ಎಷ್ಟು ಲಾಭ ಎಂದು ಲೆಕ್ಕ ಬರೆದ ಡಾಕ್ಟರೇಟ್ ಪ್ರಬಂಧಗಳು ಗುಟ್ಟಿನ ಕಪಾಟಿನಲ್ಲಿದ್ದವು. ಬರ್ಲಿನ್ ಗೋಡೆ ಬಿದ್ದ ಮೇಲೆ ಜೀವವಿಜ್ಞಾನಿ ವರ್ನರ್ ಫ್ರಾಂಕೆ ಮತ್ತು ಅವರ ಪತ್ನಿ, ಹಿಂದೆ ತಾವೇ ಎಸೆತಗಾರ್ತಿಯಾಗಿದ್ದ ಬ್ರಿಗಿಟ್ಟೆ ಬೆರೆಂಡಾಂಕ್ ಅವನ್ನು ಹೊರಗೆಳೆದರು. 2000ದಲ್ಲಿ ಬರ್ಲಿನ್ ಕೋರ್ಟು ಅಲ್ಲಿನ ಕ್ರೀಡಾ ಮುಖ್ಯಸ್ಥ ಹಾಗೂ ವೈದ್ಯಾಧಿಕಾರಿಯನ್ನು ದೈಹಿಕ ಹಾನಿಗೆ ನೆರವಾದ ಅಪರಾಧಕ್ಕೆ ದೋಷಿಗಳೆಂದಿತು.

ಇನ್ನು ಮೊಣಕೈ. ಎಸೆಯುವ ಕ್ಷಣದಲ್ಲಿ ಭುಜ ಮುಂದೆ ನುಗ್ಗುತ್ತದೆ, ಮುಂಗೈ ಹಿಂದೆ ಉಳಿಯುತ್ತದೆ. ಆಗ ಮೊಣಕೈಯ ಒಳಮಗ್ಗುಲು ಬಾಗಿಲು ತೆರೆದಂತೆ ಬಿರಿಯುತ್ತದೆ. ಅದನ್ನು ಹಿಡಿದಿರುವುದು ಒಂದು ಪುಟ್ಟ ಅಸ್ಥಿರಜ್ಜು. ಈಟಿ ಗಂಟೆಗೆ 100 ಕಿಲೋಮೀಟರಿಗೂ ಹೆಚ್ಚಿನ ವೇಗದಲ್ಲಿ ಕೈ ಬಿಡುವಾಗ ಎಲ್ಲ ಎಳೆತ ಅದರ ಮೇಲೆ. ಹಿಂಬದಿಯಲ್ಲಿ ಎಲುಬಿಗೆ ಎಲುಬು ಉಜ್ಜಿ ಉಜ್ಜಿ ಮುಳ್ಳಿನಂಥ ಬೆಳವಣಿಗೆ ಏಳುತ್ತದೆ. ಈ ಅಸ್ಥಿರಜ್ಜುವಿನ ಗಾಯವನ್ನು ಮೊದಲು ವಿವರಿಸಿದ್ದು 1946ರಲ್ಲಿ ಫಿನ್‌ಲ್ಯಾಂಡಿನ ವೈದ್ಯ ವಾರಿಸ್, ಈಟಿ ಎಸೆಯುವವರಲ್ಲೇ. ಅದನ್ನು ಹೊಸದಾಗಿ ಕಟ್ಟುವ ಶಸ್ತ್ರಚಿಕಿತ್ಸೆಯನ್ನು ಫ್ರಾಂಕ್ ಜೋಬ್ 1974ರಲ್ಲಿ ಅಮೆರಿಕದ ಬೇಸ್‌ಬಾಲ್ ಆಟಗಾರನೊಬ್ಬನಿಗೆ ಮಾಡಿದರು. ಕಾಯಿಲೆ ಕಂಡದ್ದು ಈಟಿಯವರಲ್ಲಿ, ಮದ್ದು ಸಿಕ್ಕಿದ್ದು ದುಡ್ಡಿರುವ ಆಟದಲ್ಲಿ. ನಮ್ಮ ಕಡೆ ಆಗ ಮೊಣಕೈ ನೋವೆಂದರೆ ಬೇವಿನೆಣ್ಣೆ ತಿಕ್ಕಿಸಿಕೊಂಡು ಮಾರನೇ ದಿನ ಮತ್ತೆ ಎಸೆಯುತ್ತಿದ್ದರು. ಬಳ್ಳಾರಿಯಲ್ಲಿ 1961ರಿಂದ ಮೆಡಿಕಲ್ ಕಾಲೇಜಿದೆ, ಎಂಜಿನಿಯರಿಂಗ್ ಕಾಲೇಜುಗಳಿವೆ. ಆದರೆ ಹೋಬಳಿ ಕ್ರೀಡಾಕೂಟದ ಹುಡುಗನ ಮೊಣಕೈ ಅವರ ಸಿಲಬಸ್ಸಿಗೆ ಬರುತ್ತದೆ ಎಂದು ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ನೀರಜ್ ಅವರ ಬಲ ಮೊಣಕೈಯಲ್ಲಿ ಬೆಳೆದಿದ್ದದ್ದು ಇಂಥದೇ ಎಲುಬಿನ ಮುಳ್ಳು. 2019ರ ಮೇ 3ರಂದು ಮುಂಬೈಯಲ್ಲಿ ಆಪರೇಷನ್. ಆಮೇಲೆ ಪಟಿಯಾಲ ಮತ್ತು ನಮ್ಮ ವಿಜಯನಗರ. ಆ ಹೊತ್ತಿಗೆ ಅವರಿಗೆ ಕೋಚ್ ಆಗಿದ್ದವರು ಅದೇ ಉವೆ ಹೋನ್. ಹಳೆ ಈಟಿಯಲ್ಲಿ ನೂರು ದಾಟಿದವರು ಹೊಸ ಈಟಿ ಕಲಿಸುತ್ತಿದ್ದರು. ನಂತರ ಜೊತೆಯಾದ ಕ್ಲಾಸ್ ಬಾರ್ಟೊನಿಯೆಟ್ಜ್ ಅವರ ಕ್ಷೇತ್ರವೇ ಬಯೋಮೆಕ್ಯಾನಿಕ್ಸ್, ಯಾವ ಕೀಲಿಗೆ ಯಾವಾಗ ಎಷ್ಟು ಎಳೆತ ಎಂದು ಲೆಕ್ಕ ಹಾಕುವ ವಿದ್ಯೆ. 2020ರ ಜನವರಿಯಲ್ಲಿ ದಕ್ಷಿಣ ಆಫ್ರಿಕಾದಲ್ಲಿ 87.86 ಮೀಟರ್ ಎಸೆದು ಒಲಿಂಪಿಕ್ ಅರ್ಹತೆ. 2021ರ ಆಗಸ್ಟ್ 7ರಂದು ಟೋಕಿಯೊದಲ್ಲಿ 87.58, ಚಿನ್ನ. 90ರ ಗಡಿ ಸಿಕ್ಕಿದ್ದು 2025ರ ಮೇನಲ್ಲಿ ದೋಹಾದಲ್ಲಿ, 90.23. ಅಷ್ಟರಲ್ಲಿ ಕೋಚ್ ಯಾನ್ ಝೆಲೆಜ್ನಿ. ಹೊಸ ಈಟಿಯಲ್ಲಿ 1996ರಲ್ಲಿ ಝೆಲೆಜ್ನಿ ಬರೆದ 98.48 ಮೀಟರ್ ವಿಶ್ವದಾಖಲೆ ಇನ್ನೂ ಅಲುಗಿಲ್ಲ.

ಹೋದ ವರ್ಷ ಅಣ್ಣನ ಮಗನ ಕ್ರೀಡಾಕೂಟಕ್ಕೆ ಹೋಗಿದ್ದೆ. ಮೈದಾನ ಅದೇ, ಗರಸು ಅದೇ. ಒಬ್ಬ ಹುಡುಗ ಎಸೆತವನ್ನು ಫೋನಿನಲ್ಲಿ ಸ್ಲೋ ಮೋಷನ್ ಹಿಡಿದಿದ್ದ. ತೋರಿಸಿದ, ಬಾಲವೇ ಮೊದಲು ತಾಗಿದ್ದು ಸ್ಪಷ್ಟ ಕಾಣುತ್ತಿತ್ತು. "ಫೋನ್ ಒಳಗಿಡಪ್ಪ, ಇಲ್ಲಿ ನಡೆಯಲ್ಲ ಅದು" ಎಂದರು ಮೇಷ್ಟ್ರು. ಆಮೇಲೆ ಗೂಟ ಹಿಡಿದು ನಿಂತಿದ್ದ ಹುಡುಗಿಯ ಕಡೆ ತಿರುಗಿದರು.

"ನೀ ಹೇಳಮ್ಮ, ಏನು ಬಿತ್ತು?"

ಅವಳು ಎಸೆದವನ ಬನಿಯನ್ ಮೇಲಿನ ಶಾಲೆಯ ಹೆಸರು ನೋಡಿದಳು.

"ಮೂತಿ ಸಾರ್."