ಪದ ಪರಿಚಯ: ಓವರ್‌ಡ್ರೈವ್

ಎಲೆಕ್ಟ್ರಿಕ್ ಗಿಟಾರ್ ನುಡಿಸುವವರಿಗೆ ಓವರ್‌ಡ್ರೈವ್ ಎಂದರೆ ಕಾಲಿನಿಂದ ಒತ್ತುವ ಪುಟ್ಟ ಪೆಡಲ್. ಆದರೆ ಆ ದನಿ ಪೆಡಲ್‌ಗಿಂತ ಹಳೆಯದು. ವಾಲ್ವ್ ಆಂಪ್‌ಗೆ (ಗಾಜಿನ ನಳಿಕೆಗಳಿಂದ ಸಿಗ್ನಲ್ ಹಿಗ್ಗಿಸುವ ಆಂಪ್ಲಿಫೈಯರ್) ಅದು ತಾಳುವುದಕ್ಕಿಂತ ಹೆಚ್ಚಿನ ಸಿಗ್ನಲ್ ನುಗ್ಗಿಸಿದರೆ ದನಿ ಮೆಲ್ಲಗೆ ಒಡೆಯತೊಡಗುತ್ತದೆ. ಆ ಸ್ಥಿತಿಯೇ ಓವರ್‌ಡ್ರೈವ್. ಇಲ್ಲಿ ಡ್ರೈವ್ ಎಂದರೆ ಮುಂದಿನ ಹಂತವನ್ನು ತಳ್ಳುವುದು. ಈ ಅರ್ಥ ನೆನಪಿದ್ದರೆ ಲೀಡ್ ಟೋನ್ (ಸೋಲೊ ನುಡಿಸುವಾಗಿನ ದನಿ) ಹೊಂದಿಸುವ ಅರ್ಧ ಕೆಲಸ ಮುಗಿದಂತೆ.

ತಂತಿ ಮೀಟಿದಾಗ ಪಿಕಪ್‌ನಿಂದ (ತಂತಿಯ ಕಂಪನವನ್ನು ವಿದ್ಯುತ್ ಸಿಗ್ನಲ್ ಆಗಿಸುವ ಭಾಗ) ಹೊರಡುವ ಅಲೆ ಏರುತ್ತದೆ, ಇಳಿಯುತ್ತದೆ. ಸರ್ಕ್ಯೂಟ್ ಆ ಏರನ್ನು ಒಂದು ಮಿತಿಯಾಚೆ ಹೋಗಗೊಡದಿದ್ದರೆ ಅಲೆಯ ನೆತ್ತಿ ಚಪ್ಪಟೆಯಾಗುತ್ತದೆ. ಇದಕ್ಕೆ ಕ್ಲಿಪಿಂಗ್ ಎನ್ನುತ್ತಾರೆ. ನೆತ್ತಿ ಚಪ್ಪಟೆಯಾದೊಡನೆ ಮೂಲ ಸ್ವರದ ಮೇಲೆ ಹೊಸ ಹಾರ್ಮೋನಿಕ್‌ಗಳು (ಅದರ ಎರಡು, ಮೂರು ಪಟ್ಟು ಕಂಪನದ ಸ್ವರಗಳು) ಹುಟ್ಟಿ ದನಿಗೆ ಒರಟುತನವೂ ಮೈಕಟ್ಟೂ ಬರುತ್ತವೆ. ಜೊತೆಗೆ ಇನ್ನೊಂದೂ ನಡೆಯುತ್ತದೆ. ಮೀಟಿದ ಕ್ಷಣದ ಜೋರು ಕತ್ತರಿಸಿಹೋಗುತ್ತದೆ, ಸ್ವರದ ಸಣ್ಣ ಬಾಲ ಮಾತ್ರ ಪೂರ್ತಿ ಉಳಿಯುತ್ತದೆ. ಹಾಗಾಗಿ ಸ್ವರ ಬೇಗ ಕುಸಿಯದೆ ಹಾಡಿನ ದನಿಯಂತೆ ನಿಲ್ಲುತ್ತದೆ. ಲೀಡ್ ನುಡಿಸುವವರು ಹುಡುಕುವ ಸಸ್ಟೇನ್ ಇದೇ.

ಓವರ್‌ಡ್ರೈವ್‌ಗೂ ಅದಕ್ಕಿಂತ ಒರಟಾದ ಡಿಸ್ಟಾರ್ಷನ್‌ಗೂ ಇರುವ ಅಂತರ ಈ ನೆತ್ತಿಯಲ್ಲೇ ಇದೆ. ಪ್ರೊಕೋ ರ‍್ಯಾಟ್‌ನಂಥ ಡಿಸ್ಟಾರ್ಷನ್ ಪೆಡಲ್‌ಗಳಲ್ಲಿ ಡಯೋಡ್‌ಗಳು (ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಬಿಡಿಭಾಗಗಳು) ವರ್ಧಿಸಿದ ಸಿಗ್ನಲ್‌ನಲ್ಲಿ ಮಿತಿ ಮೀರಿದ ಭಾಗವನ್ನು ನೇರ ಗ್ರೌಂಡ್‌ಗೆ ಇಳಿಸುತ್ತವೆ. ಅಲೆ ಕುಡುಗೋಲು ಹಾಕಿದಂತೆ ಕತ್ತರಿಸಿಹೋಗುತ್ತದೆ. ಐಬನೀಜ್ ಟ್ಯೂಬ್ ಸ್ಕ್ರೀಮರ್ ಎಂಬ ಓವರ್‌ಡ್ರೈವ್ ಪೆಡಲ್‌ನಲ್ಲಿ ಅದೇ ಡಯೋಡ್‌ಗಳು ಆಪ್-ಆಂಪ್‌ನ (ಸಿಗ್ನಲ್ ಹಿಗ್ಗಿಸುವ ಚಿಪ್) ಫೀಡ್‌ಬ್ಯಾಕ್ ದಾರಿಯಲ್ಲಿ, ಅಂದರೆ ಹೊರಬಂದ ಸಿಗ್ನಲ್ ಮತ್ತೆ ಒಳಕ್ಕೆ ಮರಳುವ ದಾರಿಯಲ್ಲಿ, ಕೂತಿರುತ್ತವೆ. ಅಲೆ ದೊಡ್ಡದಾದಂತೆ ವರ್ಧನೆ ತಾನಾಗಿ ತಗ್ಗುತ್ತದೆ, ಅಂಚು ಉರುಟಾಗಿ ಉಳಿಯುತ್ತದೆ. ಮೆಲ್ಲಗೆ ಮೀಟಿದರೆ ಹೆಚ್ಚುಕಡಿಮೆ ಕ್ಲೀನ್ (ಒಡೆಯದ ದನಿ), ಜೋರಾಗಿ ಮೀಟಿದರೆ ಒರಟು. ಬೆರಳಿನ ಮಾತನ್ನು ಅದು ಕೇಳುತ್ತದೆ. ನನಗೆ ಈ ಗುಣಕ್ಕಿಂತ ದೊಡ್ಡದು ಯಾವುದೂ ಇಲ್ಲ.

1977ರಲ್ಲಿ ಬಂದ ಬಾಸ್ ಕಂಪನಿಯ ಓಡಿ-1 ಪೆಡಲ್‌ನಲ್ಲಿ ಇದ್ದದ್ದು ಎರಡೇ ನಾಬ್: ಲೆವೆಲ್ (ಪೆಡಲ್‌ನಿಂದ ಹೊರಡುವ ಸಿಗ್ನಲ್‌ನ ಜೋರು) ಮತ್ತು ಓವರ್‌ಡ್ರೈವ್ (ಕ್ಲಿಪಿಂಗ್‌ನ ಪ್ರಮಾಣ). ಟೋನ್ ನಾಬ್ ಇರಲೇ ಇಲ್ಲ. ಟ್ಯೂಬ್ ಸ್ಕ್ರೀಮರ್‌ನಲ್ಲಿ ಮೂರು ಬಂದವು: ಡ್ರೈವ್, ಟೋನ್, ಲೆವೆಲ್. ಹೆಚ್ಚಿನ ಓವರ್‌ಡ್ರೈವ್ ಪೆಡಲ್‌ಗಳ ಮೇಲೆ ನಾವು ಇಂದು ಕಾಣುವುದು ಈ ಮೂರನ್ನೇ.

ಹೊಸಬರು ಮೊದಲು ತಿರುಗಿಸುವುದು ಡ್ರೈವ್. ನಾನೂ ವರ್ಷಗಟ್ಟಲೆ ಅದನ್ನು ಕೊನೆಯವರೆಗೆ ತಿರುಗಿಸಿಟ್ಟೇ ನುಡಿಸಿದವನು. ಒಬ್ಬನೇ ಕೂತು ನುಡಿಸುವಾಗ ದನಿ ಭಾರಿ ಎನಿಸುತ್ತಿತ್ತು, ಡ್ರಮ್ಸ್ ಮತ್ತು ಬೇಸ್ ಸೇರಿದ ಕೂಡಲೇ ನನ್ನ ಸೋಲೊ ಎಲ್ಲಿ ಹೋಯಿತೆಂದೇ ತಿಳಿಯುತ್ತಿರಲಿಲ್ಲ. ಕಾರಣ ಸರಳ. ಡ್ರೈವ್ ಏರಿಸಿದಷ್ಟೂ ಮೀಟಿನ ಮೊನೆ ಸವೆದು ಎಲ್ಲ ಸ್ವರಗಳೂ ಒಂದೇ ಜೋರಿಗೆ ಬರುತ್ತವೆ. ಗುಂಪಿನಲ್ಲಿ ಮುಂದೆ ಬರಲು ಬೇಕಾದದ್ದು ಆ ಮೊನೆಯೇ.

ಲೀಡ್‌ಗೆ ನಾನು ಮಾಡುವ ಕ್ರಮ ಹೀಗೆ. ಪೆಡಲ್ ಆಫ್ ಇಟ್ಟು, ಜೋರಾಗಿ ಮೀಟಿದಾಗ ಮಾತ್ರ ಕೊಂಚ ಒಡೆಯುವಷ್ಟಕ್ಕೆ ಆಂಪ್ ತರುತ್ತೇನೆ. ಆಮೇಲೆ ಪೆಡಲ್‌ನ ಡ್ರೈವ್ (ನಾಬನ್ನು ಗಡಿಯಾರದ ಮುಳ್ಳೆಂದುಕೊಂಡರೆ) ಒಂಬತ್ತು ಗಂಟೆಗೆ, ಟೋನ್ ಹನ್ನೆರಡಕ್ಕೆ. ಲೆವೆಲ್ ಮಾತ್ರ ಎರಡು-ಮೂರು ಗಂಟೆಯವರೆಗೆ. ಈಗ ಕೆಲಸ ಮಾಡುವುದು ಪೆಡಲ್‌ನ ಡಯೋಡ್‌ಗಿಂತ ಹೆಚ್ಚಾಗಿ ಆಂಪ್‌ನ ವಾಲ್ವ್. ಪೆಡಲ್ ತಳ್ಳುತ್ತದೆ, ಆಂಪ್ ಹಾಡುತ್ತದೆ. ಬ್ಲೂಸ್ ಗಿಟಾರ್ ವಾದಕ ಸ್ಟೀವೀ ರೇ ವಾನ್ ಟ್ಯೂಬ್ ಸ್ಕ್ರೀಮರನ್ನು ಜೋರಾಗಿಟ್ಟ ಫೆಂಡರ್ ಆಂಪ್‌ಗಳ ಮುಂದೆ ಇಟ್ಟುಕೊಂಡದ್ದು ನೆನಪಿರಲಿ. ಆಂಪ್ ಎಷ್ಟು ತಳ್ಳಿದರೂ ಒಡೆಯದಷ್ಟು ಕ್ಲೀನ್ ಆಗಿದ್ದರೆ ಈ ಉಪಾಯ ಫಲಿಸದು, ಲೆವೆಲ್ ಏರಿಸಿದರೆ ಬರೀ ಗದ್ದಲ ಹೆಚ್ಚುತ್ತದೆ. ಆಗ ಡ್ರೈವನ್ನೇ ಹನ್ನೆರಡು ದಾಟಿಸಬೇಕು. ಎರಡು ಸುರುಳಿಯ ಹಂಬಕರ್ ಪಿಕಪ್ ಇದ್ದರೆ ಸಿಗ್ನಲ್ಲೇ ಬಲವಾಗಿರುವುದರಿಂದ ಕಡಿಮೆ ಡ್ರೈವ್ ಸಾಕು.

ಡ್ರೈವ್ ಅತಿಯಾಯಿತೇ ಎಂದು ತಿಳಿಯಲು ಯೂನಿಸನ್ ಬೆಂಡ್ ನುಡಿಸಿ. ಬಿ ತಂತಿಯ 12ನೇ ಫ್ರೆಟ್‌ನಲ್ಲಿ 494 ಹರ್ಟ್ಜ್‌ನ ಸ್ವರ ಹಿಡಿದು, ಜಿ ತಂತಿಯ 14ನೇ ಫ್ರೆಟ್‌ನ 440 ಹರ್ಟ್ಜ್ ಸ್ವರವನ್ನು ಅಲ್ಲಿಗೆ ಎಳೆಯಬೇಕು. ಎರಡನ್ನೂ ಒಟ್ಟಿಗೆ ಮೀಟಿದಾಗ ಕ್ಲಿಪಿಂಗ್‌ನಿಂದ ಅವುಗಳ ವ್ಯತ್ಯಾಸದ ದನಿಯೂ ಹುಟ್ಟುತ್ತದೆ, ಸೆಕೆಂಡಿಗೆ 54 ಸಲದ ಒಂದು ಗುರುಗುಟ್ಟುವಿಕೆ. ತಂತಿ ಎಳೆದಂತೆ ಅದು ನಿಧಾನವಾಗುತ್ತಾ, ಅಲೆಯಾಗಿ ತೂಗಿ, ಸ್ವರಗಳೆರಡೂ ಕೂಡಿದಾಗ ಇಲ್ಲವಾಗುತ್ತದೆ. ಡ್ರೈವ್ ಸರಿಯಿದ್ದರೆ ಈ ಇಳಿಕೆ ಸ್ಪಷ್ಟವಾಗಿ ಕೇಳುತ್ತದೆ, ಕಿವಿಗೆ ಸುಖ ಕೊಡುತ್ತದೆ. ಹೆಚ್ಚಾಗಿದ್ದರೆ ಸ್ವರಗಳು ಕೂಡುವ ತನಕ ಬರೀ ಕೆಸರು.

ಮಿಡ್ಸ್ (ಬೇಸ್‌ಗೂ ಟ್ರೆಬಲ್‌ಗೂ ನಡುವಿನ ಆವರ್ತನಗಳು) ವಿಷಯದಲ್ಲಿ ಟ್ಯೂಬ್ ಸ್ಕ್ರೀಮರ್ ಬಗೆಯ ಪೆಡಲ್‌ಗಳು ನಮ್ಮ ಪರ. ಅವು ಕ್ಲಿಪಿಂಗ್‌ಗೆ ಮುಂಚೆಯೇ ಬೇಸ್ ಇಳಿಸಿ, ಆಮೇಲೆ ಟ್ರೆಬಲ್ ತಗ್ಗಿಸಿ, 720 ಹರ್ಟ್ಜ್ ಆಸುಪಾಸನ್ನು ಉಬ್ಬಿಸುತ್ತವೆ. ಬೇಸ್ ಗಿಟಾರ್‌ಗೂ ಸಿಂಬಲ್‌ಗಳಿಗೂ ನಡುವೆ ಲೀಡ್‌ಗೆ ಉಳಿಯುವ ಜಾಗ ಸುಮಾರಾಗಿ ಅದೇ. ಆ ಉಬ್ಬು ಒಬ್ಬರೇ ನುಡಿಸುವಾಗ ಮೂಗಿನಿಂದ ಹಾಡಿದಂತೆ ಕೇಳಿಸುತ್ತದೆ. ಅದಕ್ಕೆ ಹೆದರಿ ಆಂಪ್‌ನ ಮಿಡ್ ಇಳಿಸಬೇಡಿ. ಕಡಿಮೆ ಶಬ್ದದಲ್ಲಿ ನಮ್ಮ ಕಿವಿಗೆ ಬೇಸ್ ಸರಿಯಾಗಿ ಕೇಳಿಸುವುದೇ ಇಲ್ಲ, ಹಾಗಾಗಿ ಮನೆಯಲ್ಲಿ ತಗ್ಗಿದ ವಾಲ್ಯೂಮಿನಲ್ಲಿ ಹೊಂದಿಸಿದ್ದು ವೇದಿಕೆಯಲ್ಲಿ ಕೈಕೊಡುತ್ತದೆ. ಟೋನ್ ನಾಬನ್ನು ಬ್ಯಾಂಡ್ ನುಡಿಯುತ್ತಿರುವಾಗಲೇ ಮುಟ್ಟಿ: ತಂತಿಗಳ ಬುಡದ ಬಳಿಯ ಬ್ರಿಜ್ ಪಿಕಪ್ ಚುಚ್ಚಿದರೆ ಸ್ವಲ್ಪ ಇಳಿಸಿ, ಕೊರಳಿನ ಬಳಿಯ ನೆಕ್ ಪಿಕಪ್ ಮಂಕಾದರೆ ಏರಿಸಿ.

ಇಷ್ಟಾದ ಮೇಲೆ ಪೆಡಲ್ ಆನ್ ಇರುವಾಗಲೇ ಗಿಟಾರಿನ ವಾಲ್ಯೂಮ್ ನಾಬನ್ನು ಹತ್ತರಿಂದ ಆರಕ್ಕೆ ಇಳಿಸಿ ಒಂದು ಕಾರ್ಡ್ (ಸ್ವರಗುಚ್ಛ) ನುಡಿಸಿ. ಪ್ರತಿ ತಂತಿಯೂ ಬಿಡಿಬಿಡಿಯಾಗಿ ಕೇಳಬೇಕು. ಕೇಳದಿದ್ದರೆ ಡ್ರೈವ್ ಇನ್ನೂ ಕೊಂಚ ಹೆಚ್ಚಿದೆ.