ಹೋಮ್ಸ್‌ನ ಹಾವು ಮತ್ತು ಶವಪರೀಕ್ಷೆಯ ಮೇಜು

ಹಾವು ಕಚ್ಚಿ ಸತ್ತವರ ಶವಪರೀಕ್ಷೆ ಮಾಡುವ ನನ್ನಂಥವರಿಗೆ ಆರ್ಥರ್ ಕಾನನ್ ಡಾಯ್ಲ್‌ನ ‘ದಿ ಸ್ಪೆಕಲ್ಡ್ ಬ್ಯಾಂಡ್’ ಓದುವಾಗ ಮೊದಲು ಬರುವುದು ನಗು. 1892ರ ಫೆಬ್ರುವರಿಯಲ್ಲಿ ಲಂಡನ್ನಿನ ‘ಸ್ಟ್ರ್ಯಾಂಡ್’ ಪತ್ರಿಕೆಯಲ್ಲಿ ಬಂದ, ಪತ್ತೇದಾರ ಷರ್ಲಾಕ್ ಹೋಮ್ಸ್‌ನ ಕತೆ ಇದು. ಈಗ ಗುಟ್ಟು ಹೇಳಿದರೆ ಯಾರೂ ಮುನಿಯಲಾರರು. ಕಲ್ಕತ್ತೆಯಲ್ಲಿ ವೈದ್ಯನಾಗಿದ್ದ ರಾಯ್ಲಾಟ್, ಮಲಮಗಳು ಮದುವೆಯಾದರೆ ಹಣ ಕೈತಪ್ಪುತ್ತದೆಂದು ಅವಳ ಕೋಣೆಗೆ ಗಾಳಿಕಿಂಡಿಯಿಂದ ಹಾವು ಬಿಡುತ್ತಾನೆ. ಅದು ಗಂಟೆಯ ಹಗ್ಗ ಹಿಡಿದು ಇಳಿಯುತ್ತದೆ, ಸಿಳ್ಳೆ ಹೊಡೆದರೆ ಮರಳುತ್ತದೆ, ಬಟ್ಟಲಿನ ಹಾಲು ಕುಡಿಯುತ್ತದೆ. ಕೊನೆಗೆ ಹೋಮ್ಸ್‌ನ ಹೊಡೆತಕ್ಕೆ ಹಿಂದಿರುಗಿ ರಾಯ್ಲಾಟ್‌ನನ್ನೇ ಕಚ್ಚುತ್ತದೆ.

ಹಾವಿಗೆ ಹೊರಕಿವಿ ಇಲ್ಲ. ಸಿಳ್ಳೆಗೆ ಓಗೊಡುವ ಪಾಠ ಅದಕ್ಕೆ ಹತ್ತುವುದೂ ಇಲ್ಲ. ಹಾಲು ಅದರ ಆಹಾರವಲ್ಲ. ನಾಗರಪಂಚಮಿಗೆ ಹುತ್ತಕ್ಕೆ ಹಾಲೆರೆಯುವ ನಾವು ಈ ವಿಷಯದಲ್ಲಿ ಡಾಯ್ಲ್‌ನನ್ನು ಆಡಿಕೊಳ್ಳದಿರುವುದೇ ಮೇಲು. ಭಾರತದ ಅತಿ ಘೋರ ಹಾವೆಂದು ಹೋಮ್ಸ್ ಹೆಸರಿಸುವ ‘ಸ್ವಾಂಪ್ ಆ್ಯಡರ್’ ನಮ್ಮ ಯಾವ ಜೌಗಿನಲ್ಲೂ ಇಲ್ಲ. ಅದರ ಮಚ್ಚೆ ಕೊಳಕುಮಂಡಲದ್ದು, ಉಬ್ಬಿದ ಕತ್ತು ನಾಗರಹಾವಿನದು. ಕಚ್ಚಿದ ಹತ್ತು ಸೆಕೆಂಡಿನಲ್ಲಿ ರಾಯ್ಲಾಟ್ ಸತ್ತನೆಂಬುದೂ ನಂಬುವ ಮಾತಲ್ಲ. ನರಗಳಿಗೆ ತಾಗುವ ವಿಷಕ್ಕೂ ಸಾಮಾನ್ಯವಾಗಿ ಗಂಟೆಗಳೇ ಬೇಕು.

ಡಾಯ್ಲ್‌ಗೆ ವೈದ್ಯಕೀಯ ತಿಳಿಯದೆ ಹೀಗಾಯಿತೆನ್ನಲಾಗದು. ಆತ ಎಡಿನ್‌ಬರೋದಲ್ಲಿ ಓದಿದ ವೈದ್ಯ. ವಿದ್ಯಾರ್ಥಿಯಾಗಿದ್ದಾಗಲೇ ಜೆಲ್ಸೀಮಿಯಂ ಎಂಬ ವಿಷಮೂಲಿಕೆಯನ್ನು ದಿನದಿಂದ ದಿನಕ್ಕೆ ಹೆಚ್ಚಿಸುತ್ತ ತಾನೇ ಸೇವಿಸಿ, ಅದರ ಪರಿಣಾಮವನ್ನು 1879ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ಗೆ ಬರೆದು ಕಳಿಸಿದವನು. ಕತೆ ಓಡಬೇಕಾದಾಗ ವೈದ್ಯಕೀಯವನ್ನು ಬದಿಗೆ ಸರಿಸಿದ, ಅಷ್ಟೇ. 1927ರಲ್ಲಿ ತನ್ನ ಮೆಚ್ಚಿನ ಹೋಮ್ಸ್ ಕತೆಗಳ ಪಟ್ಟಿ ಕೊಟ್ಟಾಗ ಇದನ್ನೇ ಮೊದಲಿಗಿಟ್ಟ.

ನನ್ನ ನಗು ನಿಲ್ಲುವುದು ಒಂದು ಕಡೆ. ಹಲ್ಲು ನಾಟಿದ ಎರಡು ಸಣ್ಣ ಚುಕ್ಕೆಗಳನ್ನು ಗುರುತಿಸಲು ಶವಪರೀಕ್ಷಕನಿಗೆ ಬಹಳ ಚುರುಕು ಕಣ್ಣು ಬೇಕೆಂದು ಹೋಮ್ಸ್ ಹೇಳುತ್ತಾನೆ. ನಮ್ಮ ಕಟ್ಟುಹಾವಿನ ಮಟ್ಟಿಗೆ ಈ ಮಾತು ಅಕ್ಷರಶಃ ನಿಜ. ಅದು ರಾತ್ರಿ, ಹೆಚ್ಚಾಗಿ ನೆಲದ ಮೇಲೆ ಮಲಗಿದವರನ್ನು ಕಚ್ಚುತ್ತದೆ. ಅನೇಕರಿಗೆ ನೋವಿಲ್ಲ, ಊತವಿಲ್ಲ. ಬೆಳಗಿನ ಜಾವ ಹೊಟ್ಟೆನೋವು, ವಾಂತಿ. ಆಮೇಲೆ ರೆಪ್ಪೆ ಜೋತುಬೀಳುತ್ತದೆ, ಮಾತು ತೊದಲುತ್ತದೆ, ಉಸಿರಾಟದ ಸ್ನಾಯು ಸೋಲುತ್ತದೆ. ಹಾವಿನ ಯೋಚನೆಯೇ ಬಾರದೆ ಅಜೀರ್ಣದ ಮದ್ದು ಕೊಟ್ಟು ಕಳಿಸಿದ ಪ್ರಕರಣಗಳ ಕಡತ ನನ್ನ ಮೇಜಿಗೂ ಬಂದಿದೆ. ಅಂಥ ಶವದಲ್ಲಿ ನಾವು ಕಾಲ್ಬೆರಳ ಸಂದು, ಕಿವಿಯ ಹಿಂಭಾಗ, ಕೂದಲೊಳಗಿನ ಚರ್ಮವನ್ನು ಭೂತಗನ್ನಡಿ ಹಿಡಿದು ಹುಡುಕುತ್ತೇವೆ. ಎಷ್ಟೋ ಸಲ ಸಿಗುವುದಿಲ್ಲ. ಆಗ ರೋಗಲಕ್ಷಣ ಕಂಡ ಹೊತ್ತು, ಮಲಗಿದ್ದ ಜಾಗ, ಮನೆಯವರ ಹೇಳಿಕೆ ಇವೇ ಆಧಾರ.

ಗಾಯ ಕಂಡರೆ ಅದೂ ಮಾತಾಡುತ್ತದೆ. 2020ರಲ್ಲಿ ಕೇರಳದ ಕೊಲ್ಲಂ ಜಿಲ್ಲೆಯಲ್ಲಿ ಒಬ್ಬ ತನ್ನ ಹೆಂಡತಿಯನ್ನು ನಾಗರಹಾವಿನಿಂದ ಕಚ್ಚಿಸಿ ಕೊಂದ. ಹಾವು ತಾನಾಗಿ ಕಚ್ಚಿದಾಗ ಎರಡು ಹಲ್ಲಿನ ಗುರುತುಗಳ ನಡುವಿನ ಅಂತರ ಕಡಿಮೆ. ತಲೆ ಹಿಡಿದು ಒತ್ತಿದರೆ ದವಡೆ ಅಗಲವಾಗಿ ಅಂತರ ಹೆಚ್ಚುತ್ತದೆ. ತನಿಖೆಗಾರರು ಬೊಂಬೆಯ ಮೇಲೆ ಜೀವಂತ ಹಾವಿನಿಂದ ಕಚ್ಚಿಸಿ ಇದನ್ನು ಅಳೆದು ನೋಡಿದರು. ಆಕೆಯ ತೋಳಿನ ಗುರುತುಗಳು ಅಗಲವಾಗಿದ್ದವು. 2021ರ ಅಕ್ಟೋಬರ್‌ನಲ್ಲಿ ನ್ಯಾಯಾಲಯ ಗಂಡನಿಗೆ ಜೀವಾವಧಿ ಶಿಕ್ಷೆ ವಿಧಿಸಿತು.